ಎಣ್ಣೆಯ ಲೆಕ್ಕ, ಹೃದಯದ ಲೆಕ್ಕ

ಅಡುಗೆಗೆ ಯಾವ ಎಣ್ಣೆ ಹಿತಕರ ಎಂಬ ಚರ್ಚೆ ನಡೆಯದ ಮನೆ ಇಂದು ವಿರಳ. ಈ ಪ್ರಶ್ನೆಯನ್ನು ವಿಜ್ಞಾನದ ಪ್ರಯೋಗಾಲಯದಿಂದ ಜನಸಾಮಾನ್ಯರ ಅಡುಗೆಮನೆಗೆ ತಂದವರಲ್ಲಿ ಅಗ್ರಗಣ್ಯರು ಅಮೆರಿಕದ ಆನ್ಸೆಲ್ ಕೀಸ್. 1904ರಲ್ಲಿ ಕೊಲೊರಾಡೊದಲ್ಲಿ ಜನಿಸಿದ ಅವರು ಮೊದಲ ಪದವಿ ಪಡೆದದ್ದು ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದಲ್ಲಿ. ಅನಂತರ ವಿಜ್ಞಾನದತ್ತ ಹೊರಳಿ ಎರಡು ಡಾಕ್ಟರೇಟ್ ಪಡೆದು, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಶರೀರವಿಜ್ಞಾನಿಯಾಗಿ ನೆಲೆನಿಂತರು.

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅವರು 36 ಮಂದಿ ಸ್ವಯಂಸೇವಕರ ಮೇಲೆ ಹಸಿವಿನ ಪರಿಣಾಮವನ್ನು ಅಧ್ಯಯನ ಮಾಡಿದರು. ಯುದ್ಧಾನಂತರ ಅವರನ್ನು ಕಾಡಿದ್ದು ಇದಕ್ಕೆ ವ್ಯತಿರಿಕ್ತವಾದ ಸಮಸ್ಯೆ: ಹೊಟ್ಟೆತುಂಬ ಉಣ್ಣುವ ಅಮೆರಿಕದ ನಡುವಯಸ್ಸಿನ ಗಂಡಸರು ಹೃದಯಾಘಾತಕ್ಕೆ ಬಲಿಯಾಗುತ್ತಿದ್ದುದೇಕೆ? 1951ರಲ್ಲಿ ರೋಮ್‌ನ ಸಭೆಯೊಂದರಲ್ಲಿ, ನೇಪಲ್ಸ್‌ನಲ್ಲಿ ಈ ರೋಗ ಅಪರೂಪವೆಂಬ ಮಾತು ಅವರ ಕಿವಿಗೆ ಬಿತ್ತು. ಮರುವರ್ಷವೇ ಜೀವರಸಾಯನ ತಜ್ಞೆಯಾದ ಪತ್ನಿ ಮಾರ್ಗರೆಟ್ ಜೊತೆ ಅಲ್ಲಿಗೆ ತೆರಳಿ ಜನರ ರಕ್ತ ಪರೀಕ್ಷಿಸಿದರು. ದುಡಿಯುವ ಜನರಲ್ಲಿ ಕೊಲೆಸ್ಟ್ರಾಲ್ ಕಡಿಮೆಯಿತ್ತು, ಉಳ್ಳವರಲ್ಲಿ ಹೆಚ್ಚಿತ್ತು.

1953ರಲ್ಲಿ ಆರು ದೇಶಗಳ ಅಂಕಿಅಂಶ ಮುಂದಿಟ್ಟು ಕೊಬ್ಬಿನ ಸೇವನೆಗೂ ಹೃದ್ರೋಗಕ್ಕೂ ನಂಟು ಕಲ್ಪಿಸಿದಾಗ ಅವರು ತೀವ್ರ ಟೀಕೆ ಎದುರಿಸಬೇಕಾಯಿತು. 22 ದೇಶಗಳ ಮಾಹಿತಿ ಲಭ್ಯವಿದ್ದು, ಎಲ್ಲವನ್ನೂ ಪರಿಗಣಿಸಿದರೆ ಆ ನಂಟು ದುರ್ಬಲವಾಗುತ್ತದೆಂದು 1957ರಲ್ಲಿ ವಿಮರ್ಶಕರು ತೋರಿಸಿದರು. ಕೀಸ್ ಎದೆಗುಂದಲಿಲ್ಲ. 1958ರಲ್ಲಿ ಆರಂಭವಾದ ಅವರ ಏಳು ದೇಶಗಳ ಅಧ್ಯಯನ ಹನ್ನೆರಡು ಸಾವಿರಕ್ಕೂ ಹೆಚ್ಚು ಪುರುಷರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿತು. ಗ್ರೀಸ್‌ನ ಕ್ರೀಟ್ ದ್ವೀಪದ ರೈತರು ತಮ್ಮ ಆಹಾರಶಕ್ತಿಯ ಸುಮಾರು ಶೇ 40ರಷ್ಟನ್ನು ಕೊಬ್ಬಿನಿಂದಲೇ ಪಡೆಯುತ್ತಿದ್ದರು. ಆದರೂ ಅವರಲ್ಲಿ ಹೃದ್ರೋಗ ಅತಿ ವಿರಳ. ಬೆಣ್ಣೆ, ಹಾಲು ಯಥೇಚ್ಛವಾಗಿದ್ದ ಪೂರ್ವ ಫಿನ್ಲೆಂಡ್‌ನಲ್ಲಿ ಅದು ವ್ಯಾಪಕ. ಕ್ರೀಟ್‌ನ ಕೊಬ್ಬು ಬಹುಪಾಲು ಆಲಿವ್ ಎಣ್ಣೆಯದು. ಮುಖ್ಯವಾದುದು ಕೊಬ್ಬಿನ ಪ್ರಮಾಣಕ್ಕಿಂತ ಅದರ ಬಗೆ ಎಂಬುದು ಇಲ್ಲಿನ ಪಾಠ.

1961ರಲ್ಲಿ ಅವರ ಚಿತ್ರ ಟೈಮ್ ಪತ್ರಿಕೆಯ ಮುಖಪುಟವನ್ನೇರಿತು. ಅದೇ ವರ್ಷ ಅಮೆರಿಕದ ಹೃದಯ ಸಂಘ, ಪ್ರಾಣಿಜನ್ಯ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸುವಂತೆ ಸಲಹೆ ನೀಡಿತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 1968ರಿಂದ 1973ರವರೆಗೆ ಮಿನ್ನೆಸೋಟದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮುಸುಕಿನ ಜೋಳದ ಎಣ್ಣೆಯ ಪ್ರಯೋಗ ನಡೆಯಿತು. ಅದರ ಇಬ್ಬರು ಮುಖ್ಯಸ್ಥರಲ್ಲಿ ಕೀಸ್ ಒಬ್ಬರು. ಕೊಲೆಸ್ಟ್ರಾಲ್ ಇಳಿಯಿತು, ಸಾವು ಕಡಿಮೆಯಾಗಲಿಲ್ಲ. ಫಲಿತಾಂಶ ಪ್ರಕಟವಾದದ್ದು 1989ರಲ್ಲಿ, ಅದೂ ಭಾಗಶಃ. ಮರಳಿ ದೊರೆತ ದಾಖಲೆಗಳ ಮರುವಿಶ್ಲೇಷಣೆ ಹೊರಬಂದಾಗ 2016 ಆಗಿತ್ತು. ಅನೇಕರು ಪ್ರಯೋಗದಲ್ಲಿ ಉಳಿದದ್ದು ಅಲ್ಪಕಾಲ ಮಾತ್ರ. ಬೇರೆ ಪ್ರಯೋಗಗಳು ದ್ರವರೂಪದ ಸಸ್ಯಜನ್ಯ ಎಣ್ಣೆಯ ಪರವಾಗಿವೆ. ಹೀಗಾಗಿ ಇದೊಂದರಿಂದಲೇ ಬೆಣ್ಣೆ ನಿರ್ದೋಷಿಯಾಗುವುದಿಲ್ಲ. ಆದರೂ ಸರ್ಕಾರಿ ಕಡತಗಳ ನಡುವೆ ಬದುಕು ಸವೆಸಿದ ನನಗೆ ಇದರಲ್ಲಿ ಪರಿಚಿತ ದೋಷವೊಂದು ಕಾಣುತ್ತದೆ: ನೀತಿಗೆ ಅನುಕೂಲವಾದ ಅಂಕಿಗಳು ಬೇಗ ಬೆಳಕು ಕಾಣುತ್ತವೆ, ಪ್ರತಿಕೂಲವಾದವು ಕಪಾಟಿನಲ್ಲಿ ಕಾಯುತ್ತವೆ.

ನಿವೃತ್ತಿಯ ಬಳಿಕ ಕೀಸ್ ದೀರ್ಘಕಾಲ ದಕ್ಷಿಣ ಇಟಲಿಯ ಪಿಯೊಪ್ಪಿ ಎಂಬ ಕಡಲತೀರದ ಹಳ್ಳಿಯಲ್ಲಿ ಬಾಳಿದರು. 2004ರಲ್ಲಿ, ನೂರು ತುಂಬಿದ ಮೇಲೆ, ಮಿನ್ನಿಯಾಪೊಲಿಸ್‌ನಲ್ಲಿ ನಿಧನರಾದರು. ಎಣ್ಣೆಯ ಡಬ್ಬಿಯ ಮೇಲೆ ಮುದ್ರಿತವಾದ ಹೃದಯದ ಚಿತ್ರವನ್ನು ನಂಬಿ ಕೊಳ್ಳುವ ನಾವು ಒಂದು ಸಂಗತಿ ಮರೆಯಬಾರದು. ಕ್ರೀಟ್‌ನ ರೈತನನ್ನು ಕಾಪಾಡಿದ್ದು ಎಣ್ಣೆಯೊಂದೇ ಅಲ್ಲ. ಅದರೊಂದಿಗೆ ಸೊಪ್ಪು, ಕಾಳು, ಮಿತವಾದ ಮಾಂಸ ಮತ್ತು ದಿನವಿಡೀ ಹೊಲದ ದುಡಿಮೆಯೂ ಇದ್ದವು. ಅಂಗಡಿಯಲ್ಲಿ ಮಾರಾಟಕ್ಕೆ ಸಿಕ್ಕಿದ್ದು ಎಣ್ಣೆ ಮಾತ್ರ.