ಪರಭಾಷೆಗಳ ಗ್ರಂಥಪಾಲ

ಗ್ರಂಥಕರ್ತರ ಚರಿತ್ರೆಗಳನ್ನು ಬಹಳ ಓದಿದ್ದೇವೆ. ಗ್ರಂಥಗಳನ್ನು ಆಯ್ದವನೊಬ್ಬನ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಆಂಟೋನಿಯೋ ಪನಿಟ್ಸಿ 1797ರಲ್ಲಿ ಇಟಲಿಯ ಬ್ರೆಶೆಲ್ಲೊ ಎಂಬಲ್ಲಿ ಹುಟ್ಟಿದನು. ನ್ಯಾಯಶಾಸ್ತ್ರ ಓದಿದ ಈತ ರಾಷ್ಟ್ರಪ್ರೇಮಿಗಳ ಗುಪ್ತಸಂಘವನ್ನು ಸೇರಿ, ಬಂಧನದ ಭಯದಿಂದ ದೇಶ ತೊರೆದು, 1823ರಲ್ಲಿ ಇಂಗ್ಲೆಂಡನ್ನು ಸೇರಿದನು. ಆತನ ಗೈರುಹಾಜರಿಯಲ್ಲಿಯೇ ಸ್ವದೇಶದಲ್ಲಿ ಮರಣದಂಡನೆಯ ತೀರ್ಪಾಯಿತು. 1831ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನೌಕರಿ ದೊರೆಯಿತು. 1837ರಲ್ಲಿ ಮುದ್ರಿತ ಗ್ರಂಥಗಳ ವಿಭಾಗಕ್ಕೆ ಮುಖ್ಯನಾದಾಗ, ಪರದೇಶಿಗೆ ಈ ಪದವಿಯೇ ಎಂದು ಗೊಣಗಿದವರುಂಟು.

ಪ್ರತಿಯೊಂದು ಭಾಷೆಗೂ, ಅದರ ತಾಯ್ನಾಡನ್ನುಳಿದರೆ, ಶ್ರೇಷ್ಠವಾದ ಸಂಗ್ರಹ ಲಂಡನ್ನಿನಲ್ಲಿರಬೇಕೆಂಬುದು ಆತನ ಹಂಬಲ. ಅದಕ್ಕಾಗಿ ದೇಶದೇಶಗಳ ಗ್ರಂಥಸೂಚಿಗಳನ್ನು ತನ್ನ ಭಂಡಾರದೊಡನೆ ಹೋಲಿಸಿ, ಕೊರತೆಗಳನ್ನು ಗುರುತಿಸಿ, 1845ರಲ್ಲಿ ವರದಿಯನ್ನು ಮುಂದಿಟ್ಟನು. ವರ್ಷಕ್ಕೆ 10,000 ಪೌಂಡಿನ ಅನುದಾನ ಮಂಜೂರಾಯಿತು. ಬಹುಭಾಷಾವಿದನಾದ ಥಾಮಸ್ ವಾಟ್ಸ್ ರಷ್ಯನ್, ಹಂಗೇರಿಯನ್ ಮೊದಲಾದ ಭಾಷೆಗಳ ಪುಸ್ತಕಗಳನ್ನು ಆಯ್ದನು. ಪುಸ್ತಕರಾಶಿ ಬೆಳೆದು ಜಾಗ ಸಾಲದಾಗಿ, ಪನಿಟ್ಸಿಯ ಕಲ್ಪನೆಯ ದುಂಡು ವಾಚನಾಲಯ 1857ರಲ್ಲಿ ತೆರೆಯಿತು. 1866ರಲ್ಲಿ ನಿವೃತ್ತನಾಗಿ, 1879ರಲ್ಲಿ ತೀರಿಕೊಂಡನು.

ಆ ಭಂಡಾರದ ಕನ್ನಡ ಪುಸ್ತಕಗಳ ಸೂಚಿಯನ್ನು ಬಾರ್ನೆಟ್ ಸಿದ್ಧಪಡಿಸಿ, ಅದು 1910ರಲ್ಲಿ ಪ್ರಕಟವಾಯಿತು. ಇಂದು ವಿಶ್ವವಿದ್ಯಾಲಯಗಳು ಪರಭಾಷೆಯ ಇ-ಪುಸ್ತಕಗಳನ್ನು ಮಾರಾಟಗಾರ ಕಟ್ಟಿಕೊಟ್ಟ ಗಂಟಿನಲ್ಲೇ ಕೊಳ್ಳುವುದುಂಟು. ತನ್ನಲ್ಲಿ ಏನಿಲ್ಲವೆಂಬುದನ್ನು ಮೊದಲು ಹುಡುಕಿದ ಪನಿಟ್ಸಿಯ ಪಾಠ ಅವುಗಳಿಗೂ ಸಲ್ಲುವುದೆಂದು ನಾನು ನಂಬಿದ್ದೇನೆ.