ತಟ್ಟೆಗೆ ದಕ್ಕದ ನಟ

ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕನ ಕೈಯಲ್ಲಿ ಒಂದು ಅಧಿಕಾರವಿತ್ತು. ‘ಒನ್ಸ್ ಮೋರ್’ ಎಂದು ಅವನು ಕೂಗಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು, ಹಾರ್ಮೋನಿಯಂ ಮತ್ತೆ ಶ್ರುತಿ ಹಿಡಿಯುತ್ತಿತ್ತು, ನಟ ಅದೇ ಪದ್ಯವನ್ನು ಇನ್ನೊಮ್ಮೆ ಹಾಡಬೇಕಾಗುತ್ತಿತ್ತು. ರಣರಂಗದಲ್ಲಿ ಸತ್ತು ಬಿದ್ದ ವೀರ ಎದ್ದು ನಿಂತು ಹಾಡಿ ಮತ್ತೆ ಸತ್ತ ಕಥೆಗಳನ್ನು ಹಳೆಯ ರಂಗಾಸಕ್ತರು ಇಂದಿಗೂ ನಗುತ್ತ ಹೇಳುತ್ತಾರೆ. ಆದರೆ ಆ ನಗೆಯ ಹಿಂದೆ ಒಂದು ನಿಜವಾದ ಹಂಬಲವಿದೆ. ರಂಗದ ಸುಖ ಪರದೆ ಬಿದ್ದೊಡನೆ ಮುಗಿಯುವಂಥದು. ಅದನ್ನು ಗಂಟು ಕಟ್ಟಿ ಮನೆಗೆ ಒಯ್ಯಲಾಗದು. ಕಣ್ಣೆದುರಿಗಿರುವಾಗಲೇ ಮತ್ತೊಮ್ಮೆ ಬೇಡಿ ಪಡೆಯಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಗ್ರಾಮಫೋನು ಈ ಹಂಬಲಕ್ಕೆ ಸಿಕ್ಕ ಮೊದಲ ಉತ್ತರ. ಕೀಲಿ ತಿರುಗಿಸಿ ಮುಳ್ಳು ಇಟ್ಟರೆ ಸಾಕು, ಪದ್ಯ ದಣಿಯದೆ ಮರಳಿ ಮರಳಿ ಬರುತ್ತಿತ್ತು. ಆ ಯಂತ್ರ ಮನೆಮನೆಗೆ ಕಾಲಿಡುತ್ತಿದ್ದ ದಿನಗಳಲ್ಲಿಯೇ ಬಳ್ಳಾರಿಯ ವಕೀಲರೊಬ್ಬರು ದಕ್ಷಿಣ ಭಾರತದ ಅತಿ ದೊಡ್ಡ ನಟರಲ್ಲಿ ಒಬ್ಬರೆಂಬ ಕೀರ್ತಿ ಪಡೆದರು. ಯಂತ್ರ ಅವರ ಕಾಲದ್ದೇ ಆಗಿತ್ತು. ಆದರೂ ಅವರ ಕಲೆ ಯಂತ್ರಕ್ಕೆ ದಕ್ಕಲಿಲ್ಲ. ಬಳ್ಳಾರಿ ರಾಘವ ಎಂಬ ಹೆಸರು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದು ಅವರ ಅಭಿನಯ ಯಾರಿಗೂ ಗೊತ್ತಿಲ್ಲದ ಇಂದಿನ ಸ್ಥಿತಿಗೆ ಕಾರಣ ಇಲ್ಲಿದೆ.

ತಾಡಿಪತ್ರಿ ರಾಘವಾಚಾರ್ಯರು ಹುಟ್ಟಿದ್ದು 1880ರ ಆಗಸ್ಟ್ 2ರಂದು, ಇಂದಿನ ಅನಂತಪುರ ಜಿಲ್ಲೆಯ ತಾಡಿಪತ್ರಿಯಲ್ಲಿ. ತಂದೆ ಬಳ್ಳಾರಿಯಲ್ಲಿ ಶಾಲಾ ಉಪಾಧ್ಯಾಯರು. ಬಾಲಕ ಬೆಳೆದದ್ದು ಬಳ್ಳಾರಿಯಲ್ಲಿ. ಕಾಲೇಜು ಮತ್ತು ಕಾನೂನು ಶಿಕ್ಷಣ ಮದ್ರಾಸಿನಲ್ಲಿ. ಮರಳಿ ಬಂದು ವಕೀಲಿ ಹಿಡಿದರು, ಸರ್ಕಾರಿ ವಕೀಲರಾದರು, ರಾವ್ ಬಹದ್ದೂರ್ ಬಿರುದನ್ನೂ ಪಡೆದರು. ನ್ಯಾಯಾಲಯ ಅವರಿಗೆ ಅನ್ನ ಕೊಟ್ಟಿತು. ಆದ್ದರಿಂದ ನಾಟಕವನ್ನು ಅನ್ನಕ್ಕಾಗಿ ಆಡಬೇಕಾದ ಪ್ರಸಂಗ ಅವರಿಗೆ ಬರಲಿಲ್ಲ. ಪ್ರೇಕ್ಷಕರ ಕೂಗಿಗೆ ಮಣಿಯದೆ ನಿಲ್ಲುವ ಧೈರ್ಯ ಅವರಿಗೆ ಬಂದದ್ದರಲ್ಲಿ ಈ ಸ್ವಾತಂತ್ರ್ಯದ ಪಾಲೂ ಇದೆ ಎಂಬುದನ್ನು ಮರೆಯಬಾರದು. ದಿನದ ಗಲ್ಲಾಪೆಟ್ಟಿಗೆಯ ಮೇಲೆ ನೂರಾರು ಹೊಟ್ಟೆ ತುಂಬಬೇಕಾಗಿದ್ದ ಕಂಪನಿಯ ಮಾಲೀಕನಿಗೆ ಆ ಧೈರ್ಯ ಸುಲಭವಾಗಿರಲಿಲ್ಲ.

ಅಂದಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲಾ ಕೇಂದ್ರ. ಕನ್ನಡ, ತೆಲುಗು, ಉರ್ದು ಮೂರೂ ಬೀದಿಯಲ್ಲಿ ಬೆರೆತ ಊರು. ಮರಾಠಿ ಮತ್ತು ಪಾರ್ಸಿ ರಂಗಭೂಮಿಯ ಗಾಳಿಯೂ ಬೀಸುತ್ತಿತ್ತು. ಇಲ್ಲಿಯೇ ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆಯನ್ನು ಕಟ್ಟಿದರು. ಅವರ ‘ಚಿತ್ರನಳೀಯಂ’ 1887ರಲ್ಲಿ ರಂಗಕ್ಕೆ ಬಂದಿತು. ಕೊಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನು ನಡೆಸಿದರು; 1908ರಲ್ಲಿ ವಿಶ್ವದ ನಾಟಕ ಚರಿತ್ರೆಯನ್ನೇ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ವಿದ್ವಾಂಸರು ಅವರು. ಇಬ್ಬರೂ ವಕೀಲರು. ಒಂದೇ ಊರಿನ ಎರಡು ಸಭೆಗಳು ಪೈಪೋಟಿಯಲ್ಲಿ ಬೆಳೆದವು, ಅಭಿಮಾನಿಗಳೂ ಬೆಳೆದರು.

ತೆಲುಗು ನಾಟಕಕ್ಕೆ ಹಾಡನ್ನು ತಂದವರಲ್ಲಿ ಮೊದಲಿಗರು ಧರ್ಮವರಂ. ಆ ಹಾಡಿನ ಹೊಳೆಗೆ ಕಟ್ಟೆ ಕಟ್ಟಲು ಹೊರಟವರು ಅವರ ಸೋದರಳಿಯನೇ ಎಂಬುದು ಬಳ್ಳಾರಿಯ ರಂಗ ಇತಿಹಾಸದ ಸ್ವಾರಸ್ಯ. ಮಾವನ ನೆರಳಿನಲ್ಲಿ ಬೆಳೆದ ರಾಘವರು ಎಳೆಯ ವಯಸ್ಸಿನಲ್ಲಿಯೇ ಶೇಕ್ಸ್‌ಪಿಯರ್ ನಾಟಕಗಳನ್ನು ಆಡಲು ಗೆಳೆಯರ ಕೂಟವೊಂದನ್ನು ಕಟ್ಟಿದರು. ಒಥೆಲೊ, ಶೈಲಾಕ್‌ರನ್ನು ಇಂಗ್ಲಿಷಿನಲ್ಲಿ ಅಭಿನಯಿಸಿದ ಅನುಭವ ಅವರಿಗೆ ಒಂದು ಪಾಠ ಕಲಿಸಿರಬೇಕು. ಮಾತಿಗೂ ಲಯವಿದೆ, ಮೌನಕ್ಕೂ ಅರ್ಥವಿದೆ ಎಂಬ ಪಾಠ. ಕೊಲಾಚಲಂ ಅವರ ‘ರಾಮರಾಜು ಚರಿತ್ರ’ದಲ್ಲಿ ಪಠಾಣನಾಗಿ, ಪೌರಾಣಿಕಗಳಲ್ಲಿ ದುರ್ಯೋಧನನಾಗಿ, ಹಿರಣ್ಯಕಶಿಪುವಾಗಿ ಅವರು ಹೆಸರಾದರು. ದುಷ್ಟನೆಂದು ಎಲ್ಲರೂ ಒಪ್ಪಿಕೊಂಡ ಪಾತ್ರದೊಳಗೆ ಒಬ್ಬ ಮನುಷ್ಯನನ್ನು ಹುಡುಕುವುದು ಅವರ ಹಾದಿಯಾಗಿತ್ತು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲಿಯೂ ಅಭಿನಯಿಸಿದರು. ಅವರ ಕಬೀರನನ್ನು ಗಾಂಧೀಜಿಯವರು ಕಂಡು ಮೆಚ್ಚಿದರು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಭೇಟಿಯಾಗಿ, ಅಲ್ಲಿನ ರಂಗಭೂಮಿಯನ್ನು ನೋಡಿ ಬಂದರು.

ರಾಘವರು ಬಯಸಿದ ಸುಧಾರಣೆಗಳು ಮುಖ್ಯವಾಗಿ ಎರಡು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ, ಅದರಲ್ಲಿಯೂ ವಿದ್ಯಾವಂತ ಮನೆತನದ ಸ್ತ್ರೀಯರು, ವಹಿಸಬೇಕೆಂಬುದು ಒಂದು. ಕೊಮ್ಮೂರಿ ಪದ್ಮಾವತಿದೇವಿಯಂಥವರು ಅವರೊಡನೆ ರಂಗವೇರಿದ್ದು ಅಂದಿನ ಸಮಾಜದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಎರಡನೆಯದು, ಸಂಗೀತವು ಅಭಿನಯವನ್ನು ನುಂಗಬಾರದು ಎಂಬುದು. ಸಂಗೀತವೇ ಬೇಡವೆಂಬ ಹಟ ಇದಲ್ಲ. ಸಾವಿನ ಸುದ್ದಿ ಕೇಳಿದ ಪಾತ್ರ ಅಲ್ಲಿಯೇ ನಿಂತು ಹತ್ತು ನಿಮಿಷ ರಾಗ ವಿಸ್ತರಿಸಿದರೆ ದುಃಖ ಎಲ್ಲಿ ಉಳಿಯಿತು ಎಂಬುದು ಅವರ ಆಕ್ಷೇಪದ ತಿರುಳು. ಪದ್ಯದ ಭಾವ ಹೇಳುವವನ ಮುಖದಲ್ಲಿ ಹುಟ್ಟಬೇಕೇ ಹೊರತು ಹಾರ್ಮೋನಿಯಂ ಮಾಸ್ತರರ ಬೆರಳುಗಳಲ್ಲಿ ಅಲ್ಲ.

ಇನ್ನು ಧ್ವನಿಮುದ್ರಣದ ಕಡೆ ನೋಡೋಣ. ಗ್ರಾಮಫೋನ್ ಕಂಪನಿ ಭಾರತದಲ್ಲಿ ಮುದ್ರಣ ಆರಂಭಿಸಿದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಮೊದಲು ಹಾಡಿದವರು ಅಲ್ಲಿನ ಕ್ಲಾಸಿಕ್ ಥಿಯೇಟರಿನ ಇಬ್ಬರು ಎಳೆಯ ಕಲಾವಿದೆಯರು. ಅಂದರೆ ಈ ದೇಶದಲ್ಲಿ ಧ್ವನಿಮುದ್ರಣ ಹುಟ್ಟಿದ್ದೇ ನಾಟಕದ ಮನೆಯಿಂದ. ಮುಂದೆ ಮರಾಠಿಯ ಬಾಲಗಂಧರ್ವರ ರಂಗಗೀತೆಗಳು ಮನೆಮನೆಯ ಸೊತ್ತಾದವು. ತೆಲುಗಿನ ಪದ್ಯಗಾಯಕರ, ಕನ್ನಡ ಕಂಪನಿಗಳ ಗಾಯಕ ನಟರ ತಟ್ಟೆಗಳೂ ಬಂದವು. ಆದರೆ ಹತ್ತು ಅಂಗುಲದ ಆ ಅರಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. 1925ರ ಸುಮಾರಿಗೆ ವಿದ್ಯುತ್ ಮೈಕು ಬರುವವರೆಗೆ ಕಲಾವಿದರು ಕಹಳೆಯಾಕಾರದ ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು. ಪಿಸುಮಾತು ಅದಕ್ಕೆ ಕೇಳಿಸದು. ನಿಟ್ಟುಸಿರು ಕೇಳಿಸದು. ಎದುರು ಪಾತ್ರದ ಮಾತನ್ನು ಆಲಿಸುವಾಗ ಮುಖದ ಮೇಲೆ ಹಾದುಹೋಗುವ ನೆರಳಂತೂ ಯಾವ ಕಹಳೆಗೂ ಸಿಕ್ಕುವಂಥದಲ್ಲ.

ಹೀಗಾಗಿ ಮೂರು ನಿಮಿಷದ, ಗಟ್ಟಿ ಕಂಠದ, ಬಿಡಿಯಾಗಿ ಕೇಳಬಹುದಾದ ಪದ್ಯವೇ ಮನೆಗೆ ಹೋಯಿತು. ಮುಂದೆ ಹಲವು ತಟ್ಟೆಗಳ ನಾಟಕದ ಸೆಟ್ಟುಗಳು ಬಂದಾಗಲೂ ಮಾತು ಹಾಡಿನಿಂದ ಹಾಡಿಗೆ ದಾಟುವ ಸೇತುವೆಯಷ್ಟೇ ಆಯಿತು. ರಾಘವರು ಯಾವುದನ್ನು ನಟನೆಯ ಜೀವವೆಂದು ಬಗೆದಿದ್ದರೋ ಅದನ್ನು ಹಿಡಿಯುವ ಶಕ್ತಿ ಯಂತ್ರಕ್ಕಿರಲಿಲ್ಲ. ಯಾವುದನ್ನು ಮಿತಿಯಲ್ಲಿಡಬೇಕೆಂದರೋ ಅದನ್ನೇ ಯಂತ್ರ ಹಿಡಿದು ಹಂಚಿತು. ಮನೆಯಲ್ಲಿ ತಟ್ಟೆ ಕೇಳಿ ಬಂದ ಪ್ರೇಕ್ಷಕ ರಂಗದ ಮೇಲೆಯೂ ಅದೇ ಪದ್ಯವನ್ನು ಅದೇ ರಾಗದಲ್ಲಿ ನಿರೀಕ್ಷಿಸಿದರೆ ಆಶ್ಚರ್ಯವಿಲ್ಲ.

ಹಾಗೆಂದು ರಾಗಪ್ರಿಯ ಪ್ರೇಕ್ಷಕನನ್ನು ಹಳಿಯುವುದು ನ್ಯಾಯವಲ್ಲ. ಧ್ವನಿವರ್ಧಕವಿಲ್ಲದ ಬಯಲಿನಲ್ಲಿ ಕೊನೆಯ ಸಾಲಿನವನಿಗೆ ಮುಟ್ಟುತ್ತಿದ್ದದ್ದು ಮುಖಭಾವವಲ್ಲ, ಏರಿದ ಕಂಠ. ಅಕ್ಷರ ಬಾರದ ರೈತನ ನಾಲಗೆಯ ಮೇಲೆ ಭಾರತ, ರಾಮಾಯಣಗಳನ್ನು ಉಳಿಸಿದ್ದು ಪದ್ಯವೇ. ಇಲ್ಲಿರುವ ದೋಷ ಅಭಿಮಾನದ್ದಲ್ಲ. ದಾಖಲೆಯಾದದ್ದೇ ಇಡೀ ಕಲೆ ಎಂದು ನಾವು ನಂಬಿಬಿಡುವುದರಲ್ಲಿದೆ.

ರಾಘವರ ಬದುಕಿನ ಕೊನೆಯ ದಶಕದಲ್ಲಿ ಕ್ಯಾಮೆರಾ ಬಂದಿತು. 1936ರ ‘ದ್ರೌಪದಿ ಮಾನಸಂರಕ್ಷಣಂ’ ತೆಲುಗು ಚಿತ್ರದಲ್ಲಿ ಅವರು ದುರ್ಯೋಧನ. ಅದೇ ವರ್ಷ ಅದೇ ಕಥೆಯ ಇನ್ನೊಂದು ಚಿತ್ರ ತೆರೆಕಂಡು ಜಯಗಳಿಸಿತು, ಇದು ಸೋತಿತು. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ಅವರ ‘ರೈತುಬಿಡ್ಡ’ದಲ್ಲಿ ಜಮೀನ್ದಾರಿಯ ಎದುರು ನಿಂತ ರೈತನಾದರು. ಜಮೀನ್ದಾರರ ವಿರೋಧದಿಂದ ಅದು ನಿಷೇಧಕ್ಕೊಳಗಾಯಿತು. 1940ರಲ್ಲಿ ‘ಚಂಡಿಕ’. ಅಲ್ಲಿಗೆ ಅವರ ಚಿತ್ರಜೀವನ ಮುಗಿಯಿತೆನ್ನಬೇಕು. ‘ರೈತುಬಿಡ್ಡ’ ಇಂದಿಗೂ ನೋಡಸಿಗುತ್ತದೆ. ಅಲ್ಲಿ ಕಾಣುವವರು ಅರವತ್ತರ ಹತ್ತಿರದ ರಾಘವರು, ತುಣುಕು ತುಣುಕಾಗಿ ಚಿತ್ರೀಕರಿಸುವ, ಎದುರಿಗೆ ಪ್ರೇಕ್ಷಕರಿಲ್ಲದ ಸ್ಟುಡಿಯೋದಲ್ಲಿ. ಬಳ್ಳಾರಿಯ ಜನ ರಾತ್ರಿಯಿಡೀ ಕುಳಿತು ನೋಡಿದ ಪಠಾಣ ಅಲ್ಲಿಲ್ಲ. 1946ರ ಏಪ್ರಿಲ್ 16ರಂದು ರಾಘವರು ತೀರಿಕೊಂಡಾಗ ಆ ಪಠಾಣನೂ ನೋಡಿದವರ ನೆನಪಿಗೆ ಸಂದನು. ಆ ನೆನಪುಳ್ಳವರೂ ಒಬ್ಬೊಬ್ಬರಾಗಿ ಸಂದರು.

ಅವರು ಹೋದ ಏಳು ವರ್ಷಗಳ ನಂತರ, 1953ರ ಅಕ್ಟೋಬರ್ 1ರಂದು, ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗಗಳು ಹೊಸ ಆಂಧ್ರ ರಾಜ್ಯಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಎರಡು ಭಾಷೆಗಳ ನಡುವೆ ಬದುಕಿದ ನಟನನ್ನು ತೆಲುಗರು ತಮ್ಮವನೆಂದರು, ಕನ್ನಡಿಗರು ತಮ್ಮವನೆಂದರು, ಎರಡೂ ನಿಜ. 1981ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರಡಿಸಿತು. ಬಳ್ಳಾರಿಯಲ್ಲಿ ರಾಘವ ಕಲಾಮಂದಿರವಿದೆ. ಅವರ ಗರಡಿಯಲ್ಲಿ ಪಳಗಿದ ಜೋಳದರಾಶಿ ದೊಡ್ಡನಗೌಡರ ಹೆಸರಿನಲ್ಲಿಯೂ ರಂಗಮಂದಿರವಿದೆ. ಕಟ್ಟಡಗಳು ಹೆಸರನ್ನು ಉಳಿಸಬಲ್ಲವು, ಕಲೆಯನ್ನಲ್ಲ.

ಈ ಮಾತು ಹಿಂದಿನದಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ವಿಷಾದಪಟ್ಟು ಸುಮ್ಮನಾಗಬಹುದಿತ್ತು. ಆದರೆ ನಾಟಕ ಈ ಸೀಮೆಯಲ್ಲಿ ಸತ್ತಿಲ್ಲ. ಸಿರುಗುಪ್ಪದ ಗದ್ದೆ ಬಯಲಿನ ಹಳ್ಳಿಗಳಲ್ಲಿ, ದೊಡ್ಡಬಸವೇಶ್ವರನ ಕುರುಗೋಡಿನ ಸುತ್ತಮುತ್ತ, ಜಾತ್ರೆ ಉತ್ಸವಗಳು ಬಂದರೆ ಊರ ಯುವಕರು ಬಣ್ಣ ಹಚ್ಚುತ್ತಾರೆ. ಮಾಸ್ತರರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ, ಅವರೊಡನೆ ಈಗ ವಿಡಿಯೊದವರೂ ಬರುತ್ತಾರೆ. ಗ್ರಾಮಫೋನಿನ ಮೂರು ನಿಮಿಷ ಕ್ಯಾಸೆಟ್ಟಿನ ಕಾಲಕ್ಕೆ ಅರವತ್ತು, ತೊಂಬತ್ತು ನಿಮಿಷವಾಗಿತ್ತು. ಆಗಲೇ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದಂಥ ಮಾತಿನ ನಾಟಕ ಮನೆಗೆ ಹೋಗಲು ಸಾಧ್ಯವಾದದ್ದು. ಈಗ ಮೊಬೈಲಿನಲ್ಲಿ ಕಾಲದ ಮಿತಿಯೇ ಇಲ್ಲ. ಮುಖ ಸಿಗುತ್ತದೆ, ಪಿಸುಮಾತೂ ಸಿಗುತ್ತದೆ.

ಆದರೂ ನಾವು ಹಂಚಿಕೊಳ್ಳುವುದೇನು? ಮತ್ತೆ ಮೂರು ನಿಮಿಷದ ತುಣುಕು. ಒಂದು ಹಾಡು, ಒಂದು ಕುಣಿತ, ದುರ್ಯೋಧನನ ಒಂದು ಅಬ್ಬರ. ಯಂತ್ರ ಬಿಟ್ಟುಕೊಟ್ಟ ಮಿತಿಯನ್ನು ನಾವೇ ಎತ್ತಿ ಹೆಗಲಿಗೆ ಹಾಕಿಕೊಂಡಿದ್ದೇವೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಂಡರು. ಅವರ ರಂಗಗೀತೆಗಳನ್ನು ಕೇಳಿದವರು ಅಸಂಖ್ಯ. ‘ರಕ್ತರಾತ್ರಿ’ಯ ದ್ರೌಪದಿಯಾಗಿ ಅವರನ್ನು ಮೊದಲಿನಿಂದ ಕೊನೆಯವರೆಗೆ ಕಂಡ ಭಾಗ್ಯ ಆ ರಾತ್ರಿಗಳಲ್ಲಿ ಕುಳಿತಿದ್ದವರದು.

ಮಾಡಬೇಕಾದ ಕೆಲಸಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಒಂದು ಕ್ಯಾಮೆರಾ ಇಡೀ ರಂಗ ಕಾಣುವಂತೆ ಅಲುಗದೆ ನಿಲ್ಲಲಿ. ನಾಂದಿಯಿಂದ ಮಂಗಳದವರೆಗೆ ನಾಟಕ ಪೂರ್ತಿ ದಾಖಲಾಗಲಿ. ಜೊತೆಗೆ ಕೈಬರಹದ ಪ್ರತಿ, ಪಾತ್ರಧಾರಿಗಳ, ಮಾಸ್ತರರ ಹೆಸರು, ಊರು, ತಾರೀಖು ಇರಲಿ. ಕಲಾವಿದರ ಒಪ್ಪಿಗೆ ಪಡೆಯಲಿ. ಅದರಿಂದ ಹಣ ಬಂದರೆ ಅವರಿಗೂ ಪಾಲು ಸಲ್ಲಲಿ. ಒಂದು ಪ್ರತಿ ನಾಟಕ ಅಕಾಡೆಮಿಗೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಹೋಗಲಿ, ಅವು ಅದನ್ನು ಕಾಪಾಡಿ ಕೇಳಿದವರಿಗೆ ತೋರಿಸಲಿ. ಮನೆಯಲ್ಲಿ ನೋಡಸಿಕ್ಕರೆ ಬಯಲಿಗೆ ಯಾರು ಬರುತ್ತಾರೆ ಎಂಬ ಅಳುಕು ನಾಟಕದವರಿಗೆ ಇದ್ದೇ ಇದೆ. ಆದರೆ ತಟ್ಟೆ ಕೇಳಿದವನೇ ಟಿಕೆಟ್ಟಿನ ಸಾಲಿನಲ್ಲಿ ಮೊದಲು ನಿಂತನೆಂಬುದನ್ನೂ ನೆನೆಯಬೇಕು.

ರಾಘವರ ಹೆಸರಿನಲ್ಲಿ ನಾವು ವರ್ಷವರ್ಷವೂ ಹಾರ ಹಾಕುತ್ತೇವೆ. ಅವರ ಪಠಾಣ ಹೇಗೆ ತಿರುಗಿ ನೋಡುತ್ತಿದ್ದ, ಅವರ ದುರ್ಯೋಧನ ಎಷ್ಟು ಹೊತ್ತು ಮಾತಿಲ್ಲದೆ ನಿಲ್ಲುತ್ತಿದ್ದ ಎಂದು ಮಗುವೊಂದು ಕೇಳಿದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ. ಈ ವರ್ಷದ ಜಾತ್ರೆಯಲ್ಲಿ ಕುರುಗೋಡಿನ ಸೀಮೆಯ ಯಾವುದೋ ಹಳ್ಳಿಯಲ್ಲಿ ಅಂಥದೇ ಒಬ್ಬ ನಟ ಬಣ್ಣ ಹಚ್ಚುತ್ತಿರಬಹುದು. ಅವನ ಹಾಡು ಮುಗಿದ ಮೇಲೂ ಕ್ಯಾಮೆರಾ ಆರಿಸದಿರೋಣ.