ಬಾನಿನ ಕಾವಲುಗಾರ

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಸುಮಾರು 1.2 ಕಿಲೋಮೀಟರ್ ಅಗಲದ, 170 ಮೀಟರ್ ಆಳದ ಕುಳಿಯೊಂದಿದೆ. ಅದು ಉಲ್ಕೆಯ ಹೊಡೆತದಿಂದ ಆದುದೆಂದು ಕೆಲವರೂ ಭೂಗರ್ಭದ ಹಬೆ ಸಿಡಿದು ಆದುದೆಂದು ಕೆಲವರೂ ಬಹುಕಾಲ ವಾದಿಸುತ್ತಿದ್ದರು. ಆ ವಾದಕ್ಕೆ ತೆರೆಯೆಳೆದವರು ಯೂಜೀನ್ ಶೂಮೇಕರ್.

1928ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದ ಶೂಮೇಕರ್ ಭೂವಿಜ್ಞಾನಿ. ನೆವಾಡಾದಲ್ಲಿ ಅಣುಸ್ಫೋಟಗಳಿಂದಾದ ಕುಳಿಗಳನ್ನು ಅವರು ಅಭ್ಯಸಿಸಿದ್ದರು. ಅರಿಜೋನಾದಲ್ಲಿಯೂ ಅಂತಹುದೇ ರಚನೆ ಕಂಡಿತು. 1960ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಅಲ್ಲಿಯ ಶಿಲೆಗಳಲ್ಲಿ ಕೋಯೆಸೈಟ್ ಎಂಬ ಖನಿಜವನ್ನು ಗುರುತಿಸಿದರು. ಅದು ರೂಪುಗೊಳ್ಳಲು ಅಸಾಧಾರಣ ಒತ್ತಡ ಬೇಕು. ಹಬೆಯ ಸ್ಫೋಟಕ್ಕೆ ಅಷ್ಟು ಶಕ್ತಿಯೆಲ್ಲಿಯದು?

ಚಂದ್ರನ ಮೇಲೆ ತಾವೇ ನಡೆದಾಡಿ ಅಲ್ಲಿಯ ಕಲ್ಲುಗಳನ್ನು ಪರೀಕ್ಷಿಸಬೇಕೆಂಬುದು ಶೂಮೇಕರರ ಹೆಬ್ಬಯಕೆ. 1963ರಲ್ಲಿ ಅವರಿಗೆ ಅಡಿಸನ್ ಕಾಯಿಲೆಯಿರುವುದು ತಿಳಿದು ಆ ಬಾಗಿಲು ಮುಚ್ಚಿತು. ಆದರೂ ಚಂದ್ರನತ್ತ ಹೊರಟ ಗಗನಯಾತ್ರಿಗಳಿಗೆ ಶಿಲೆಗಳನ್ನು ಅರಿಯುವ ಬಗೆಯನ್ನು ಅವರು ಕಲಿಸಿದರು. ತನಗೆ ದಕ್ಕದ ನೆಲಕ್ಕೆ ಇತರರನ್ನು ಸಿದ್ಧಗೊಳಿಸುವುದು ಸುಲಭದ ಮಾತಲ್ಲ.

ಹಿಂದೊಮ್ಮೆ ಭೂಮಿಗೆ ಬಡಿದಂತಹ ಕಾಯಗಳು ಇನ್ನೆಷ್ಟಿವೆ? ಇದನ್ನರಿಯಲು ಅವರು 1973ರಲ್ಲಿ ಎಲೀನರ್ ಹೆಲಿನ್ ಅವರೊಡನೆ ಪಾಲೋಮಾರ್ ಪರ್ವತದ ಸಣ್ಣ ದೂರದರ್ಶಕದಿಂದ ಶೋಧ ಆರಂಭಿಸಿದರು. ಕ್ಷುದ್ರಗ್ರಹಗಳಿಗೆ ಸ್ವಂತ ಬೆಳಕಿಲ್ಲ. ಚಿಕ್ಕವಂತೂ ಭೂಮಿಯ ಸಮೀಪಕ್ಕೆ ಬಂದಾಗ ಮಾತ್ರ ಕಾಣುತ್ತವೆ. ಮುಂದೆ ಪತ್ನಿ ಕ್ಯಾರೊಲಿನ್ ಈ ಕೆಲಸಕ್ಕೆ ಜೊತೆಯಾದರು. ಆಕೆ ಓದಿದ್ದುದು ಇತಿಹಾಸ ಮತ್ತು ರಾಜ್ಯಶಾಸ್ತ್ರ. ಮಕ್ಕಳು ಬೆಳೆದ ಮೇಲೆ, ಐವತ್ತರ ವಯಸ್ಸಿನಲ್ಲಿ ಆಕಾಶಶೋಧಕ್ಕೆ ತೊಡಗಿದವರು. ಬಾನಿನ ಒಂದೇ ಭಾಗವನ್ನು ಸ್ವಲ್ಪ ಹೊತ್ತಿನ ಅಂತರದಲ್ಲಿ ಎರಡು ಬಾರಿ ಚಿತ್ರಿಸಿ, ಆ ಎರಡು ಫಿಲ್ಮುಗಳನ್ನು ಜೋಡಿಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಆಕೆ ಒಟ್ಟಿಗೆ ನೋಡುತ್ತಿದ್ದರು. ನಕ್ಷತ್ರಗಳು ಸಮತಲದಲ್ಲಿ ಉಳಿದರೆ, ಸ್ಥಳ ಬದಲಿಸಿದ ಕಾಯವು ಅವುಗಳಿಂದ ಮೇಲೆದ್ದು ತೇಲುವಂತೆ ತೋರುತ್ತಿತ್ತು. ಈ ತಾಳ್ಮೆಯ ನೋಟಕ್ಕೆ 32 ಧೂಮಕೇತುಗಳೂ 800ಕ್ಕೂ ಮಿಕ್ಕ ಕ್ಷುದ್ರಗ್ರಹಗಳೂ ದೊರೆತವು. ಇಂದು ಫಿಲ್ಮಿನ ಸ್ಥಾನದಲ್ಲಿ ಇಲೆಕ್ಟ್ರಾನಿಕ್ ಸಾಧನಗಳೂ ಕಣ್ಣಿನ ಸ್ಥಾನದಲ್ಲಿ ಗಣಕಯಂತ್ರಗಳೂ ಬಂದಿವೆ; ಚಲನೆಯಿಂದ ಗುರುತಿಸುವ ತತ್ತ್ವ ಮಾತ್ರ ಅದೇ. 2008ರ ಅಕ್ಟೋಬರಿನಲ್ಲಿ ಸುಮಾರು 4 ಮೀಟರ್ ಗಾತ್ರದ ಕಾಯವೊಂದು ಸೂಡಾನಿನ ಮೇಲೆ ಸಿಡಿಯುವುದಕ್ಕೆ ಸುಮಾರು 20 ಗಂಟೆ ಮೊದಲೇ ಪತ್ತೆಯಾದುದು ಹೀಗೆಯೇ.

1993ರ ಮಾರ್ಚಿನಲ್ಲಿ ಈ ದಂಪತಿಗಳೂ ಡೇವಿಡ್ ಲೆವಿಯವರೂ ಚೂರುಚೂರಾಗಿದ್ದ ಧೂಮಕೇತುವೊಂದನ್ನು ಕಂಡರು. ಮರುವರ್ಷದ ಜುಲೈನಲ್ಲಿ ಅದರ ತುಣುಕುಗಳು ಒಂದರ ಹಿಂದೊಂದರಂತೆ ಗುರುಗ್ರಹಕ್ಕೆ ಅಪ್ಪಳಿಸಿ ಕಪ್ಪು ಕಲೆಗಳನ್ನೆಬ್ಬಿಸಿದುದನ್ನು ಜಗತ್ತೇ ನೋಡಿತು.

1997ರ ಜುಲೈ 18ರಂದು, ಆಸ್ಟ್ರೇಲಿಯದ ಕುಳಿಗಳನ್ನು ಅಭ್ಯಸಿಸಲು ಹೋಗಿದ್ದಾಗ ಕಾರು ಅಪಘಾತದಲ್ಲಿ ಶೂಮೇಕರ್ ನಿಧನರಾದರು. ಕ್ಯಾರೊಲಿನ್ ಗಾಯಗೊಂಡು ಉಳಿದರು. ಅವರ ಚಿತಾಭಸ್ಮದ ಒಂದಂಶವನ್ನು ಲೂನಾರ್ ಪ್ರಾಸ್ಪೆಕ್ಟರ್ ನೌಕೆಯಲ್ಲಿರಿಸಲಾಗಿತ್ತು. 1999ರ ಜುಲೈ 31ರಂದು ಆ ನೌಕೆ ಚಂದ್ರನ ದಕ್ಷಿಣ ಧ್ರುವದ ಬಳಿ ನೆಲ ಮುಟ್ಟಿತು.